ಮೂರನೇ ಬೆಲ್ ಆದ ಮೇಲೆ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಾಟಕ ನೋಡಲು ಹೋಗಿದ್ದೆ. ಮುಂಬಯಿಯ ಉಪನಗರದ ಒಂದು ಸಭಾಂಗಣ. ಸಭಾಂಗಣದ ಹೆಸರು ಬೇಡ, ಸಂಘದ ಹೆಸರೂ ಬೇಡ. ಹೇಳಿದರೆ ಮುಂದಿನ ವರ್ಷದಿಂದ ನನಗೆ ಆಮಂತ್ರಣ ಪತ್ರಿಕೆ ಬರುವುದು ನಿಲ್ಲುತ್ತದೆ ಎನ್ನುವುದು ಒಂದು ಕಾರಣ. ಇದು ಒಂದು ಸಂಘದ ಕಥೆಯಲ್ಲ, ನಮ್ಮೆಲ್ಲರ ಕಥೆ ಎನ್ನುವುದು ಇನ್ನೊಂದು.

ನಾಟಕ ಕುವೆಂಪು ಅವರ ‘ಬೆರಳ್‌ಗೆ ಕೊರಳ್’. ಏಕಲವ್ಯನ ಕಥೆ. ಏಕಲವ್ಯನಾಗಿದ್ದವನು ನಮ್ಮದೇ ಬಿಲ್ಡಿಂಗಿನ ನಾಲ್ಕನೇ ಮಹಡಿಯ ಹುಡುಗ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಇಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಆದರೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಅಮ್ಮನಿಂದ ಓದಿಸಿ, ತನ್ನ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು, ಆ ಹಾಳೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಾಯಿಪಾಠ ಮಾಡಿದವನು. ಹಳೆಗನ್ನಡದ ಛಾಯೆಯ ಆ ಸಾಲುಗಳು ಊರಿನ ಕನ್ನಡ ಶಾಲೆಯಲ್ಲಿ ಕಲಿತ ನನ್ನ ನಾಲಿಗೆಗೇ ಸುಲಭಕ್ಕೆ ಹೊರಳುವುದಿಲ್ಲ. ಈ ಹುಡುಗ ಐರೋಲಿಯ ಆಫೀಸಿನಿಂದ ಎರಡು ಟ್ರೇನು ಬದಲಿಸಿ, ವಾರಕ್ಕೆ ಮೂರು ಸಂಜೆಯಂತೆ ಎರಡು ತಿಂಗಳು ತಾಲೀಮಿಗೆ ಹೋದ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ತುಟಿ ಅಲ್ಲಾಡಿಸುತ್ತಿದ್ದ. ಮೊದಮೊದಲು ನಾನು ಯಾವುದೋ ಜಪ ಹಿಡಿದಿದ್ದಾನೆ ಅಂದುಕೊಂಡಿದ್ದೆ.

ಗುರುದಕ್ಷಿಣೆಯ ದೃಶ್ಯ ಬಂತು. ದ್ರೋಣರ ಮಾತು ಮುಗಿದಿದೆ. ಏಕಲವ್ಯ ತನ್ನ ಬಲಗೈಯನ್ನು ಮುಖದ ಎದುರಿಗೆ ಹಿಡಿದು ಹೆಬ್ಬೆರಳನ್ನೇ ನೋಡುತ್ತಾ ನಿಂತಿದ್ದಾನೆ. ನಿರ್ದೇಶಕರು ಅಲ್ಲೊಂದು ಮೌನ ಇಟ್ಟಿದ್ದರು. ಸಂಗೀತವಿಲ್ಲ, ಬೆಳಕು ಸಣ್ಣದಾಗಿದೆ. ಇಡೀ ಹಾಲ್ ಉಸಿರು ಹಿಡಿದಿದೆ ಅನ್ನಿಸಿತು ನನಗೆ. ಆಗ ಎರಡನೇ ಸಾಲಿನಲ್ಲಿ ಫೋನು ಹಾಡಿತು, ಯಾವುದೋ ಹಿಂದಿ ಸಿನಿಮಾದ ಮದುವೆ ಹಾಡು.

ಫೋನಿನ ಯಜಮಾನರು ಅದನ್ನು ಕಿಸೆಯಿಂದ ತೆಗೆಯುವಷ್ಟರಲ್ಲಿ ಒಂದು ಚರಣ ಮುಗಿಯಿತು. ತೆಗೆದವರು ಬಂದ್ ಮಾಡಿದರೇ? ಇಲ್ಲ. “ಹಲೋ... ಹಾಂ, ನಾಟಕದಲ್ಲಿದ್ದೇನೆ... ಇಲ್ಲ ಇಲ್ಲ, ಹೇಳು... ಕೊರಿಯರ್ರಾ? ವಾಚ್‌ಮನ್ ಹತ್ರ ಕೊಡ್ಲಿಕ್ಕೆ ಹೇಳು. ವಾಚ್‌ಮನ್, ವಾಚ್‌ಮನ್!” ಹಾಲಿನಲ್ಲಿ ಅರ್ಧ ಜನ ನಕ್ಕರು. ಹೆಬ್ಬೆರಳು ಕತ್ತರಿಸಿಕೊಳ್ಳಲಿರುವ ಏಕಲವ್ಯನ ಎದುರಿಗೆ ಮುನ್ನೂರು ಜನ ಕೂತು ನಗುತ್ತಿದ್ದೆವು.

ಹುಡುಗ ಅಲ್ಲಾಡಲಿಲ್ಲ. ನಾಟಕ ಮುಂದುವರಿಸಿದ, ಮುಗಿಸಿದ. ಚಪ್ಪಾಳೆಯೂ ಬಿತ್ತು. ಆಮೇಲೆ ಗ್ರೀನ್ ರೂಮಿಗೆ ಹೋಗಿ ಬೆನ್ನು ತಟ್ಟಿದೆ. ಮುಖದ ಬಣ್ಣ ಒರೆಸಿಕೊಳ್ಳುತ್ತಾ ಹೇಳಿದ: “ಅಂಕಲ್, ಅಲ್ಲಿ ಮನಸ್ಸಿನಲ್ಲೇ ಏಳರವರೆಗೆ ಎಣಿಸು ಅಂತ ಸರ್ ಹೇಳಿದ್ರು. ನಾನು ನಾಲ್ಕಕ್ಕೆ ಬಂದಿದ್ದೆ.”

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಲವತ್ತು ವರ್ಷದಿಂದ ಈ ಊರಿನಲ್ಲಿ ಕನ್ನಡ ನಾಟಕ ನೋಡುತ್ತಾ ಬಂದವನು ನಾನು. ನಾಟಕಕ್ಕಿಂತ ಪ್ರೇಕ್ಷಕರನ್ನೇ ಹೆಚ್ಚು ನೋಡಿದ್ದೇನೋ ಎಂಬ ಅನುಮಾನವೂ ಇದೆ. ಫೋನು ಬರುವ ಮೊದಲು ಎಲ್ಲರೂ ಸಾಧುಗಳಾಗಿದ್ದರು ಅಂತೇನೂ ಇಲ್ಲ. ನಮ್ಮಲ್ಲಿ ಹಳೆಯ ತಳಿಗಳೂ ಇವೆ, ಹೊಸ ತಳಿಗಳೂ ಇವೆ. ಒಮ್ಮೆ ಪರಿಚಯ ಮಾಡಿಕೊಳ್ಳೋಣ.

ಮೊದಲನೆಯವರು ಕರವಸ್ತ್ರದವರು. ಒಬ್ಬರೇ ಬೇಗ ಬಂದು ಕರವಸ್ತ್ರ, ಪರ್ಸು, ನೀರಿನ ಬಾಟಲಿ, ಆಮಂತ್ರಣ ಪತ್ರಿಕೆ ಹೀಗೆ ಒಂದೊಂದು ಕುರ್ಚಿಗೆ ಒಂದೊಂದು ಇಟ್ಟು ಎಂಟು ಜನರ ಜಾಗ ಕಾಯುತ್ತಾರೆ. ಆ ಎಂಟು ಜನ ನಾಟಕ ಶುರುವಾಗಿ ಅರ್ಧ ಗಂಟೆಯ ಮೇಲೆ, ಮೊಬೈಲಿನ ಟಾರ್ಚು ಹಿಡಿದು, ನಮ್ಮ ಮೊಣಕಾಲು ದಾಟಿ ಬರುತ್ತಾರೆ. “ಸ್ವಲ್ಪ ಸರೀರಿ, ಸ್ವಲ್ಪ ಸರೀರಿ.” ಕೂತ ಮೇಲೆ ಮೊದಲ ಪ್ರಶ್ನೆ: “ಎಷ್ಟಾಯ್ತು? ಏನಾಯ್ತು?”

ಎರಡನೆಯವರು ವೀಕ್ಷಕ ವಿವರಣೆಕಾರರು. ಇವರು ಈ ನಾಟಕವನ್ನು ಮೊದಲೇ ನೋಡಿದ್ದಾರೆ, ಅದು ನಮಗೂ ಗೊತ್ತಾಗಬೇಕು. “ಈಗ ನೋಡು, ಅವಳು ಅಳ್ತಾಳೆ.” ಅವಳು ಅಳುತ್ತಾಳೆ. “ಹೇಳಿದೆನಲ್ಲ!”

ಮೂರನೆಯವರು ಪ್ಲಾಸ್ಟಿಕ್ ಚೀಲದವರು. ಚಿಪ್ಸಿನ ಪೊಟ್ಟಣವನ್ನು ಒಂದೇ ಸಲ ಹರಿದರೆ ಒಂದೇ ಸಲ ಸದ್ದಾಗಿ ಮುಗಿಯುತ್ತದೆ. ಇವರು ಸಜ್ಜನರು, ಯಾರಿಗೂ ತೊಂದರೆಯಾಗದಿರಲಿ ಅಂತ ನಿಧಾನವಾಗಿ ಹರಿಯುತ್ತಾರೆ. ಒಂದು ಅಂಕವಿಡೀ ಹರಿಯುತ್ತಾರೆ.

ನಾಲ್ಕನೆಯವರು ಕ್ಯಾಮೆರಾದ ತಂದೆತಾಯಿಗಳು. ಮಗು ಮರವಾಗಿ ನಿಂತಿದ್ದರೂ ಸರಿ, ಇವರು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಪೂರ್ತಿ ರೆಕಾರ್ಡ್ ಮಾಡುತ್ತಾರೆ. ಹಿಂದಿನ ಸಾಲಿನವರು ಅವರ ಫೋನಿನ ಪರದೆಯಲ್ಲೇ ನಾಟಕ ನೋಡಬೇಕು. ಮಗು ಕೂಡ ಪಾಪ, ಅಪ್ಪನ ಮುಖ ಹುಡುಕಿದರೆ ಅಲ್ಲಿ ಮುಖವಿಲ್ಲ, ಫೋನಿನ ಬೆನ್ನಿದೆ.

ಐದನೆಯವರು ಬೆಳಕಿನವರು. ಇವರ ಫೋನು ಸದ್ದು ಮಾಡುವುದಿಲ್ಲ. “ಸೈಲೆಂಟಿನಲ್ಲಿ ಇಟ್ಟಿದ್ದೇನಲ್ಲ ಮಾರಾಯ್ರೆ” ಎನ್ನುವ ಸಮಾಧಾನ ಬೇರೆ. ಆದರೆ ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಂದು ಪರದೆಯ ಬೆಳಕು ಎಂದರೆ ಕತ್ತಲೆ ಕೋಣೆಯಲ್ಲಿ ಕಿಟಕಿ ತೆರೆದ ಹಾಗೆ. ಹಿಂದಿನ ಅಷ್ಟೂ ಸಾಲುಗಳ ಕಣ್ಣು ಅಲ್ಲಿಗೇ ಎಳೆಯುತ್ತದೆ. ಅಂದು ಏಕಲವ್ಯ ಗುರುವಿಗಾಗಿ ಹೆಬ್ಬೆರಳು ಕೊಡುತ್ತಿದ್ದಾಗ ನನ್ನ ಸುತ್ತ ಐದಾರು ಹೆಬ್ಬೆರಳುಗಳು ವಾಟ್ಸಾಪಿನ ಮೇಲೆ ಓಡಾಡುತ್ತಿದ್ದವು.

ಆರನೆಯವರ ಬಗ್ಗೆ ಬರೆಯಲು ಸ್ವಲ್ಪ ಧೈರ್ಯ ಬೇಕು. ಇವರು ಮುಖ್ಯ ಅತಿಥಿಗಳು. ನಾಟಕಕ್ಕೆ ಮುಂಚೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಸ್ವೀಕರಿಸಿ, ಮುಂಬಯಿಯಲ್ಲಿ ಕನ್ನಡ ರಂಗಭೂಮಿ ಉಳಿಯಬೇಕಾದ ಅಗತ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ನಾಟಕದ ಮೊದಲ ದೃಶ್ಯ ನಡೆಯುತ್ತಿರುವಾಗ ಮುಂದಿನ ಸಾಲಿನಿಂದ ಎದ್ದು ಹೊರಡುತ್ತಾರೆ. ಅವರನ್ನು ಕಾರಿನವರೆಗೆ ಬಿಡಲು ಹತ್ತು ಜನ ಪದಾಧಿಕಾರಿಗಳೂ ಏಳುತ್ತಾರೆ. ರಂಗದ ಮೇಲಿರುವವರಿಗೆ ಕಾಣುವುದು ಉಳಿಯಬೇಕಾದ ರಂಗಭೂಮಿಯಿಂದ ಹೊರಟುಹೋಗುತ್ತಿರುವ ಹನ್ನೊಂದು ಬೆನ್ನುಗಳು.

ಇದನ್ನೆಲ್ಲ ಹೇಳಿದರೆ ನನ್ನ ಸ್ನೇಹಿತರೊಬ್ಬರು ವಾದಕ್ಕೆ ಬರುತ್ತಾರೆ. “ಏನ್ರೀ, ನಾಟಕ ಅಂದ್ರೆ ಮಸಣವಾ? ಉಸಿರು ಬಿಗಿಹಿಡಿದು ಕೂರಬೇಕು ಅನ್ನೋದೆಲ್ಲ ಇಂಗ್ಲಿಷಿನವರಿಂದ ಬಂದದ್ದು. ನಮ್ಮ ಕಂಪೆನಿ ನಾಟಕದಲ್ಲಿ ಜನ ಒನ್ಸ್ ಮೋರ್ ಅಂತ ಕೂಗ್ತಿರಲಿಲ್ಲವೇ? ಶಿಳ್ಳೆ ಹಾಕ್ತಿರಲಿಲ್ಲವೇ? ನಿಮ್ಮ ಯಕ್ಷಗಾನದಲ್ಲಿ ಜನ ಮಲಗ್ತಿರಲಿಲ್ಲವೇ?”

ಹೌದು. ಸುಳ್ಳಲ್ಲ. ನಾನು ಕುಂದಾಪುರದ ಕಡೆಯವನು. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಚಾಪೆ ಹಾಸಿಕೊಂಡು, ಅರ್ಧ ರಾತ್ರಿ ಅಮ್ಮನ ಮಡಿಲಲ್ಲಿ ನಿದ್ದೆ ಮಾಡಿಕೊಂಡು ಆಟ ನೋಡಿದವನು. ದೇವಿಮಹಾತ್ಮೆ ಆದರೆ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತಾ ಬರುವಾಗ ಅಮ್ಮ ಎಬ್ಬಿಸುತ್ತಿದ್ದಳು. ನಡುವೆ ಎದ್ದು ಹೋಗಿ ನೆಲಗಡಲೆ ತಿಂದು, ಚಾ ಕುಡಿದು ಬಂದರೂ ಯಾರೂ ಏನೂ ಹೇಳುತ್ತಿರಲಿಲ್ಲ. ಇಂದಿಗೂ ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಹಾಲಿನಲ್ಲಿ ಅದೇ ಗೌಜಿ. ನನಗೆ ಅದು ಕಿರಿಕಿರಿ ಅನ್ನಿಸುವುದಿಲ್ಲ, ಖುಷಿಯಾಗುತ್ತದೆ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಯಕ್ಷಗಾನದ ರಾತ್ರಿ ದೊಡ್ಡದು. ಚೆಂಡೆ ಇದೆ, ಭಾಗವತರ ಸ್ವರ ಇದೆ, ಹತ್ತು ಜನ ಎದ್ದು ನಡೆದರೂ ಆಟ ನಲುಗುವುದಿಲ್ಲ. ಇಡೀ ರಾತ್ರಿಯ ಪ್ರದರ್ಶನದಲ್ಲಿ ಜನರ ನಿದ್ದೆಗೂ ಚಾಕ್ಕೂ ಜಾಗವಿದೆ. ಒಂದೂವರೆ ಗಂಟೆಯ ನಾಟಕದಲ್ಲಿ ಆ ಜಾಗ ಇಲ್ಲ. ಅಲ್ಲಿ ಏಳು ಎಣಿಸುವಷ್ಟು ಹೊತ್ತಿನ ಮೌನವೂ ಒಂದು ಮಾತೇ. ಆ ಮಾತನ್ನು ನಾವು ಅಳಿಸಿದರೆ ಮುಂದಿನ ಮಾತಿಗೆ ಅರ್ಥವಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕಂಪೆನಿ ನಾಟಕದ ಕಾಲದಲ್ಲಿ ಒನ್ಸ್ ಮೋರ್ ಎಂದು ಕೂಗಿದವನು ನಾಟಕದ ಕಡೆ ಮುಖ ಮಾಡಿ ಕೂಗಿದ. ಹಾಡು ಅವನಿಗೆ ಇನ್ನೊಮ್ಮೆ ಬೇಕಾಗಿತ್ತು. ಶಿಳ್ಳೆ ಹಾಕಿದವನು ಖಳನಾಯಕನಿಗೋ ನಾಯಕನಿಗೋ ಹಾಕಿದ. ಹಾಸ್ಯಗಾರನ ಮಾತಿಗೆ ಹಿಂದಿನಿಂದ ಯಾರೋ ಎದುರುತ್ತರ ಕೊಟ್ಟರೆ ಆ ಹಾಸ್ಯಗಾರ ಅದಕ್ಕೊಂದು ಮರುತ್ತರ ಕೊಡುತ್ತಿದ್ದ. ಗಲಾಟೆ ಇತ್ತು, ಆದರೆ ಅದು ನಾಟಕದ ಜೊತೆಗಿನ ಗಲಾಟೆ. “ವಾಚ್‌ಮನ್ ಹತ್ರ ಕೊಡು” ಎನ್ನುವುದು ನಾಟಕಕ್ಕೆ ಬೆನ್ನು ಹಾಕಿದ ಗಲಾಟೆ. ನನ್ನ ತಕರಾರು ಸದ್ದಿನ ಮೇಲಲ್ಲ, ಆ ಬೆನ್ನಿನ ಮೇಲೆ. ಗಟ್ಟಿಯಾಗಿ ನಗಿ, ಅಳು ಬಂದರೆ ಅಳಿ, ಚಪ್ಪಾಳೆ ಹೊಡೆಯಿರಿ. ಅದಕ್ಕೇ ಅಲ್ಲವೇ ನಟರು ಬಣ್ಣ ಹಚ್ಚಿಕೊಂಡದ್ದು?

ಇದು ಕನ್ನಡದವರದ್ದೊಂದೇ ಕಾಯಿಲೆಯಲ್ಲ ಎನ್ನುವುದೂ ನಿಜ. ನಾವಿರುವ ಮಹಾರಾಷ್ಟ್ರದಲ್ಲಿ ಮರಾಠಿ ಪ್ರೇಕ್ಷಕರ ನಾಟಕದ ಹುಚ್ಚಿಗೆ ದೊಡ್ಡ ಹೆಸರು. ಮೂರನೇ ಘಂಟೆ ಆಯಿತೆಂದರೆ ಪರದೆ ಏಳುತ್ತದೆ, ಎಲ್ಲರೂ ಜಾಗದಲ್ಲಿರಬೇಕು ಎನ್ನುವುದು ಅವರಲ್ಲಿ ಬೇರೂರಿದ ರೂಢಿ. ಅಂಥಲ್ಲೇ 2019ರಲ್ಲಿ ನಟ ಸುಮೀತ್ ರಾಘವನ್ ನಾಸಿಕದಲ್ಲಿ ಫೋನುಗಳ ಕಾಟ ತಡೆಯಲಾರದೆ ನಡೆಯುತ್ತಿದ್ದ ಪ್ರಯೋಗವನ್ನು ನಿಲ್ಲಿಸಿದರು. ಅದೇ ವರ್ಷ ಸುಬೋಧ್ ಭಾವೆ, ಫೋನುಗಳು ಹೀಗೇ ಬಾರಿಸುತ್ತಿದ್ದರೆ ತಾನು ನಾಟಕ ಮಾಡದಿರುವುದೇ ಒಳ್ಳೆಯದು ಎಂಬರ್ಥದಲ್ಲಿ ಬೇಸರದಿಂದ ಬರೆದುಕೊಂಡರು. ದೂರದ ನ್ಯೂಯಾರ್ಕಿನಲ್ಲೂ 2015ರಲ್ಲಿ ಪ್ಯಾಟಿ ಲ್ಯುಪೋನ್ ಎಂಬ ಹೆಸರಾಂತ ನಟಿ ನಾಟಕದ ನಡುವೆ ಮೆಸೇಜು ಮಾಡುತ್ತಿದ್ದ ಪ್ರೇಕ್ಷಕರೊಬ್ಬರ ಕೈಯಿಂದ ಫೋನನ್ನೇ ತೆಗೆದುಕೊಂಡು ಒಳಗೆ ಹೋದರು.

ಆದರೆ ಅವರಿಗೂ ನಮಗೂ ಒಂದು ಫರಕು ಇದೆ. ಮರಾಠಿಯ ವೃತ್ತಿಪರ ನಾಟಕ ಓಡಿದರೆ ನೂರು, ಇನ್ನೂರು ಪ್ರಯೋಗ ಕಾಣುತ್ತದೆ. ಇವತ್ತಿನದು ಹಾಳಾದರೆ ನಾಳೆ ಠಾಣೆಯಲ್ಲಿ ಇದೆ, ನಾಡಿದ್ದು ಪುಣೆಯಲ್ಲಿದೆ. ನಮ್ಮ ಹವ್ಯಾಸಿ ತಂಡಗಳಿಗೆ ಹೆಚ್ಚಾಗಿ ಸಿಗುವುದು ಒಂದು ಪ್ರಯೋಗ, ಅದೃಷ್ಟವಿದ್ದರೆ ಎರಡು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹದಲ್ಲೋ ದಶಕಗಳಿಂದ ಕನ್ನಡ ನಾಟಕ ನೋಡುತ್ತಾ ಬಂದವರಿಗೆಲ್ಲ ಇದು ಗೊತ್ತು. ನಟರು ಬ್ಯಾಂಕಿನವರು, ಹೋಟೆಲಿನವರು, ಶಾಲೆಯ ಟೀಚರುಗಳು. ನಮ್ಮ ಏಕಲವ್ಯನ ತಂಡದ ಲೆಕ್ಕವನ್ನೇ ಹಾಕಿ ನೋಡಿದೆ. ವಾರಕ್ಕೆ ಮೂರು ಸಂಜೆ, ಸಂಜೆಗೆ ಎರಡೂವರೆ ಗಂಟೆ, ಎಂಟು ವಾರ: ಅರುವತ್ತು ಗಂಟೆ. ಮೇಳದವರು, ಬೆಳಕಿನವರು ಸೇರಿ ಹತ್ತು ಜನ ಎಂದರೆ ಆರುನೂರು ಗಂಟೆ. ಲೋಕಲ್ ಟ್ರೇನಿನಲ್ಲಿ ನೇತಾಡಿದ ಹೊತ್ತು ಬೇರೆ. ಇಷ್ಟೂ ಒಂದೂವರೆ ಗಂಟೆಗಾಗಿ. ಆ ಏಳು ಎಣಿಕೆಯ ಮೌನ ಇನ್ನೊಮ್ಮೆ ಬರುವುದಿಲ್ಲ. ಅವನಿಗೂ ಬರುವುದಿಲ್ಲ, ನಮಗೂ ಬರುವುದಿಲ್ಲ.

ಹಾಗಾದರೆ ಆ ಸಂಜೆ ಫೋನಿನವರಿಗೆ ಯಾರೂ ಯಾಕೆ ಏನೂ ಹೇಳಲಿಲ್ಲ? ಅವರಿಂದ ಎರಡೇ ಕುರ್ಚಿ ಆಚೆ ನಾನೇ ಕೂತಿದ್ದೆ. ನಾನೂ ಹೇಳಲಿಲ್ಲ. ಯಾಕೆಂದರೆ ಅವರು ಸಂಘದ ದೊಡ್ಡ ದಾನಿ. ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟದ ಜಾಹೀರಾತು ಅವರದ್ದು. ನನ್ನ ತಂಗಿಯ ಮಗನಿಗೆ ಒಮ್ಮೆ ಕೆಲಸ ಕೊಡಿಸಿದವರು. ಹೃದಯವಂತರು, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ “ಫೋನ್ ಬಂದ್ ಮಾಡಿ” ಎನ್ನುವುದು ಹೇಗೆ?

ಇದೇ ನೋಡಿ ನಮ್ಮ ಹೊರನಾಡಿನ ತೊಡಕು. ಪೃಥ್ವಿ ಥಿಯೇಟರಿನಲ್ಲಿ ಪಕ್ಕದವರು ಯಾರೋ ಗೊತ್ತಿಲ್ಲ, ಒಂದು ಮಾತು ಹೇಳಬಹುದು. ನಮ್ಮ ಕನ್ನಡ ಸಭೆಯಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ಮುಂದಿನ ಮದುವೆಯಲ್ಲಿ ಎದುರಾಗಬೇಕು, ಗಣೇಶೋತ್ಸವಕ್ಕೆ ವರ್ಗಣಿ ಕೇಳಬೇಕು. ಹಾಗಾಗಿ ದಾಕ್ಷಿಣ್ಯ. ಈ ದಾಕ್ಷಿಣ್ಯ ಒಳ್ಳೆಯ ಗುಣವೇ. ಊರು ಬಿಟ್ಟು ಬಂದ ನಾವು ಇಷ್ಟು ವರ್ಷ ಒಟ್ಟಿಗೆ ಇರುವುದು ಅದರಿಂದಲೇ. ಆದರೆ ಅದು ಯಾವಾಗಲೂ ಎರಡನೇ ಸಾಲಿನವರಿಗೇ ಯಾಕೆ ಸಲ್ಲಬೇಕು? ಬಣ್ಣ ಹಚ್ಚಿ ನಿಂತ ಹುಡುಗನೂ ನಮ್ಮವನೇ ಅಲ್ಲವೇ? ಅವನ ಕುರಿತು ನಮಗೆ ದಾಕ್ಷಿಣ್ಯ ಬೇಡವೇ?

ಇಷ್ಟೆಲ್ಲ ಬರೆಯುವ ನಾನು ದೊಡ್ಡ ಸಾಚಾ ಎಂದು ತಿಳಿಯಬೇಡಿ. 1996ರ ಮಾತು. ಆಗ ನಾನು ಡೊಂಬಿವಲಿಯಲ್ಲಿದ್ದೆ. ದಾದರಿನ ಹತ್ತಿರದ ಒಂದು ಹಾಲಿನಲ್ಲಿ ನಾಟಕ. ಆರಕ್ಕೆ ಎಂದಿದ್ದದ್ದು ಭಾಷಣ, ಸನ್ಮಾನ ಎಲ್ಲ ಮುಗಿದು ಎಂಟಕ್ಕೆ ಶುರುವಾಯಿತು. ಹತ್ತು ಚಿಲ್ಲರೆಯ ಫಾಸ್ಟ್ ಲೋಕಲ್ ತಪ್ಪಿದರೆ ಮನೆ ಸೇರುವಾಗ ಮಧ್ಯರಾತ್ರಿ. ಮನೆಯಲ್ಲಿ ಸಣ್ಣ ಮಗು. ನಾಟಕ ಮುಗಿಯಲು ಹದಿನೈದು ನಿಮಿಷವಿರುವಾಗ ಎದ್ದೆ. ಕೂತದ್ದು ಎರಡನೇ ಸಾಲು, ಹಾಕಿದ್ದು ಬಿಳಿ ಅಂಗಿ. ತಲೆ ಬಗ್ಗಿಸಿ ನಡೆದೆ, ಬಗ್ಗಿಸಿದರೆ ಕಾಣುವುದಿಲ್ಲ ಎಂಬ ನಂಬಿಕೆಯಿಂದ.

ನಾಲ್ಕೈದು ವರ್ಷದ ನಂತರ ಬೆಳಗಿನ ಲೋಕಲ್ಲಿನಲ್ಲಿ ಒಬ್ಬರ ಪರಿಚಯವಾಯಿತು. ಮಾತಿಗೆ ಮಾತು ಬೆಳೆದು ಆ ನಾಟಕದಲ್ಲಿ ಮುದುಕ ತಂದೆಯ ಪಾತ್ರ ಮಾಡಿದ್ದವರು ಇವರೇ ಎಂದು ಗೊತ್ತಾಯಿತು. ಅವರು ನನ್ನನ್ನೇ ನೋಡುತ್ತಾ ಕೇಳಿದರು: “ಕಡೇ ದೃಶ್ಯದಲ್ಲಿ ಎದ್ದು ಹೋದವರು ನೀವೇ ಅಲ್ವಾ? ಬಿಳಿ ಅಂಗಿ?” ನನಗೆ ಟ್ರೇನಿನಿಂದ ಹಾರಿಬಿಡೋಣ ಅನ್ನಿಸಿತು. “ಅದು ನನ್ನ ಮೊದಲನೇ ಪಾತ್ರ ಸ್ವಾಮಿ. ನೀವು ಎದ್ದದ್ದು ಕಾಣಿಸಿತು. ನಾನೇನೋ ತಪ್ಪು ಮಾಡ್ತಿದ್ದೇನೆ, ಅದಕ್ಕೇ ಹೋಗ್ತಿದ್ದಾರೆ ಅಂದ್ಕೊಂಡೆ. ಮುಂದಿನ ಎರಡು ಮಾತು ಮರೆತೇಹೋಯ್ತು.” ಅವರು ನಕ್ಕೇ ಹೇಳಿದರು. ನಾನೂ ನಕ್ಕೆ. ಆದರೆ ಅವರು ಆಮೇಲೆ ಇನ್ನೊಂದು ನಾಟಕ ಮಾಡಿರಲಿಲ್ಲ. ಕಾರಣ ನಾನು ಎಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಆದರೆ ಅಲ್ಲ ಎಂದು ಹೇಳುವ ಧೈರ್ಯವೂ ಇಲ್ಲ.

ಅಂದು ಕಲಿತ ಪಾಠ: ನಾವು ಕತ್ತಲೆಯಲ್ಲಿ ಕೂತಿದ್ದೇವೆ, ಅವರಿಗೆ ಕಾಣುವುದಿಲ್ಲ ಎಂಬುದು ನಮ್ಮ ಭ್ರಮೆ. ರಂಗದ ಬೆಳಕು ಮುಂದಿನ ಸಾಲುಗಳ ಮೇಲೂ ಬೀಳುತ್ತದೆ. ಸಿನಿಮಾದ ಪರದೆಗೆ ನಾವು ಎದ್ದರೂ ಗೊತ್ತಿಲ್ಲ, ಮಲಗಿದರೂ ಗೊತ್ತಿಲ್ಲ. ಟೀವಿಯ ಎದುರಿಗಂತೂ ಏನು ಬೇಕಾದರೂ ಮಾಡಬಹುದು. ನಾಟಕದಲ್ಲಿ ಮಾತ್ರ ಎದುರಿಗಿರುವುದು ಜೀವ. ನಾವು ಅದನ್ನು ನೋಡುತ್ತಿರುವ ಹಾಗೆ ಅದೂ ನಮ್ಮನ್ನು ನೋಡುತ್ತಿರುತ್ತದೆ.

ಬೈದದ್ದಾಯಿತು, ಇನ್ನು ಏನು ಮಾಡೋಣ? ಮೊಬೈಲ್ ಜಾಮರ್ ಹಾಕಿಸಿ ಎನ್ನುವವರಿದ್ದಾರೆ. ಜಾಮರ್ ಕೂರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಮನಸ್ಸು ಬಂದ ಸಂಘವೆಲ್ಲ ಹಾಕಿಸುವ ವಸ್ತು ಅದಲ್ಲ. ಮೇಲಾಗಿ ಸಭೆಯಲ್ಲಿ ಡಾಕ್ಟರಿರಬಹುದು, ಆಸ್ಪತ್ರೆಯಲ್ಲಿ ಹೆತ್ತವರನ್ನು ಬಿಟ್ಟು ಬಂದವರಿರಬಹುದು. ಅಂಥವರು ಹಿಂದಿನ ಸಾಲಿನಲ್ಲಿ, ದಾರಿಯ ಬದಿಯ ಕುರ್ಚಿಯಲ್ಲಿ ಕೂತು, ಕರೆ ಬಂದರೆ ಸದ್ದಿಲ್ಲದೆ ಹೊರಗೆ ಹೋಗಿ ಮಾತಾಡಲಿ. ಕೆಮ್ಮು ಬಂದ ಅಜ್ಜನನ್ನೂ ಹಸಿವಾಗಿ ಅತ್ತ ಕೂಸನ್ನೂ ಯಾರೂ ದುರುಗುಟ್ಟಿ ನೋಡಬಾರದು. ಕೈಲಾಗದ್ದು ಬೇರೆ, ಮನಸ್ಸು ಮಾಡದ್ದು ಬೇರೆ.

ದಾರಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾಯಿತು. ಹೇಳಿದ ಹೊತ್ತಿಗೆ ಅಲ್ಲಿ ನಾಟಕ ಶುರು. ತಡವಾಗಿ ಬಂದರೆ ಕೈಯಲ್ಲಿ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಜುಹುವಿನ ಪೃಥ್ವಿ 1978ರಿಂದ ಇದೆ. ಮೂರು ಕಡೆ ಪ್ರೇಕ್ಷಕರು, ಕೈ ಚಾಚಿದರೆ ನಟ ಸಿಗುವಷ್ಟು ಹತ್ತಿರ. ಅಲ್ಲೂ ತಡವಾದವರಿಗೆ ಬಾಗಿಲಿಲ್ಲ. ಶುರುವಿನಲ್ಲಿ ಜನ ಗೊಣಗಿರಬಹುದು, ಈಗ ಬೇಗ ಹೋಗಿ ಕಾಫಿ ಕುಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಅಂದರೆ ಜನ ಕೆಟ್ಟವರಲ್ಲ, ಕಲಿಸಿದ್ದನ್ನು ಕಲಿಯುತ್ತಾರೆ. ನಾವು ನಮ್ಮ ಜನಕ್ಕೆ ಕಲಿಸಿರುವುದು ಏನು? ಐದು ಗಂಟೆ ಎಂದರೆ ಆರೂವರೆ ಎಂದು.

ಅದಕ್ಕೇ ಸಂಘಟಕರಲ್ಲಿ ನನ್ನ ನಾಲ್ಕು ಬಿನ್ನಹ. ಒಂದು, ಸನ್ಮಾನ ಮತ್ತು ನಾಟಕವನ್ನು ಬೇರೆ ಮಾಡಿ. ಸನ್ಮಾನ ಬೇಡ ಎನ್ನುವುದಿಲ್ಲ. ನಾಟಕ ಮೊದಲು ಮಾಡಿ, ಸನ್ಮಾನ ಆಮೇಲೆ ಇಡಿ. ಆಗ ಅತಿಥಿಗಳೂ ನಾಟಕ ನೋಡಿದ ಹಾಗಾಗುತ್ತದೆ. ಎರಡು, ಆಮಂತ್ರಣ ಪತ್ರಿಕೆಯಲ್ಲಿ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಅಚ್ಚು ಮಾಡಿ, ಅದಕ್ಕೆ ಬದ್ಧರಾಗಿರಿ. ವಿರಾರ್, ಕಲ್ಯಾಣ, ಪನ್ವೇಲಿನಿಂದ ಬರುವವರಿಗೆ ಟ್ರೇನಿನ ಲೆಕ್ಕ ಸಿಗುತ್ತದೆ. ಭಾನುವಾರ ಮೆಗಾಬ್ಲಾಕ್ ಬೇರೆ ಇರುತ್ತದೆ. ಮೂರು, ಊಟದ ಕೂಪನ್ನನ್ನು ನಾಟಕ ಮುಗಿದ ಮೇಲೆ ಬಾಗಿಲಲ್ಲಿ ಕೊಡಿ. ಬಿಸಿಬೇಳೆಬಾತಿನ ಪರಿಮಳ ಹಾಲಿನೊಳಗೆ ಬಂದ ಮೇಲೆ ಶೇಕ್ಸ್‌ಪಿಯರ್ ಬಂದರೂ ನಮ್ಮನ್ನು ಹಿಡಿದಿಡಲಾರ. ನಾಲ್ಕು, ಫೋನಿನ ಸೂಚನೆಯನ್ನು ಯಾರೋ ಮೈಕಿನಲ್ಲಿ ಓದುವ ಬದಲು ನಾಟಕದ ನಟರೊಬ್ಬರು ಬಣ್ಣ ಹಚ್ಚಿದ ಮುಖದಲ್ಲೇ ಬಂದು ಹೇಳಲಿ: ನಾವು ಇದಕ್ಕೆ ಎರಡು ತಿಂಗಳು ದುಡಿದಿದ್ದೇವೆ, ನಿಮ್ಮಿಂದ ಒಂದೂವರೆ ಗಂಟೆ ಬೇಕು ಎಂದು. ಹೇಳಿ, ಎಲ್ಲರೂ ಕಿಸೆಗೆ ಕೈ ಹಾಕುವಷ್ಟು ಹೊತ್ತು ಅಲ್ಲೇ ನಿಂತಿರಲಿ.

ಪ್ರೇಕ್ಷಕರಾದ ನಮ್ಮಲ್ಲಿ ಬಿನ್ನಹ ಒಂದೇ. ಎರಡನೇ ಬೆಲ್ಲಿಗೆ ಫೋನು ಬಂದ್ ಮಾಡಿ. ಸೈಲೆಂಟ್ ಅಲ್ಲ, ಬಂದ್. ಪಕ್ಕದವರು ಮರೆತಿದ್ದರೆ ಮೆಲ್ಲಗೆ ನೆನಪಿಸಿ. ಅವರು ದಾನಿಯಾಗಿದ್ದರೂ ಸರಿ, ಸೋದರಮಾವನಾಗಿದ್ದರೂ ಸರಿ.

ಮೊನ್ನೆ ನಾನು ಆ ದಾನಿಗಳಿಗೆ ಫೋನು ಮಾಡಿದೆ. ಎರಡು ದಿನ ಮನಸ್ಸಿನಲ್ಲೇ ತಾಲೀಮು ಮಾಡಿ, ಏಳು ಎಣಿಸುವ ಕಥೆಯನ್ನಷ್ಟೇ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಷ್ಟು ಮುಖ್ಯದ ಜಾಗ ಅಂತ ನನಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೆ. ನೀವು ಪಕ್ಕದಲ್ಲೇ ಇದ್ರಿ, ಅಲ್ಲೇ ಒಂದು ಮಾತು ಹೇಳಬಾರದಿತ್ತಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಗ ನಿನ್ನೆ ಲಿಫ್ಟಿನಲ್ಲಿ ಸಿಕ್ಕಿದ. ತುಟಿ ಅಲ್ಲಾಡುತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಮುಂದಿನ ವರ್ಷ ಯಾವ ನಾಟಕವಪ್ಪಾ ಎಂದು ಕೇಳಿದೆ. “ನೋಡೋಣ ಅಂಕಲ್” ಅಂದ. ಮಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಮಾಡಿದರೆ, ಆ ದಿನ ಅವನಿಗೆ ಏಳರವರೆಗೆ ಎಣಿಸಲು ಬಿಡುವ ಕೆಲಸ ನಮ್ಮದು. ಅಷ್ಟಾದರೂ ಮಾಡೋಣ. ಏನಂತೀರಿ?